ಪಾಲಾಗದ ಬಾವಿ

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲಕ್ಕೆ ಬದು ಬೀಳುತ್ತದೆ; ಪಾತ್ರೆಪಡಗಗಳೆಲ್ಲ ಎಣಿಕೆಗೆ ಬರುತ್ತವೆ. ಹಿತ್ತಿಲ ಬಾವಿಯ ಬಳಿಗೆ ಬಂದಾಗ ಮಾತ್ರ ಪಂಚರು ಸುಮ್ಮನಾಗುವರು. ನಾಲ್ವರಿಗೆ ಇರುವುದು ಒಂದೇ ಬಾವಿ. ಬೆಲೆ ಕಟ್ಟಿ ಒಬ್ಬನಿಗೆ ಬಿಟ್ಟುಕೊಟ್ಟರೆ ಉಳಿದ ಮೂವರ ಮನೆಗೆ ನೀರೆಲ್ಲಿಯದು?

ಈ ತೊಡಕಿಗೆ ಉತ್ತರ ಹೇಳಿದ ಗ್ರಂಥವೊಂದು ಇಂದಿನ ಬಸವಕಲ್ಯಾಣದೊಡನೆ ಹೆಣೆದುಕೊಂಡಿದೆ. ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಿಂದ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಇಂಥ ಬಾವಿಯನ್ನು ಬೆಲೆ ಕಟ್ಟಿ ಹಂಚಕೂಡದು, ಸರದಿಯಂತೆ ಬಳಸಬೇಕು ಎಂಬುದು ಅವನ ನಿರ್ಣಯ. ಮನೆ ತೋಟಗಳಿಗೆ ಹೋಗಿಬರುವ ದಾರಿಯೂ ಪಾಲಿಗೆ ಹೊರತಾದುದೇ.

ಹಂಚಲಾಗದ ವಸ್ತುಗಳ ವಿಚಾರವನ್ನು ಅರ್ಥಶಾಸ್ತ್ರವು ಇನ್ನೂ ಮುಂದಕ್ಕೆ ಒಯ್ದಿದೆ. ಬಾವಿಯ ನೀರು ಸೇದಿದಷ್ಟೂ ಇಳಿಯುತ್ತದೆ. ಆದುದರಿಂದಲೇ ಸರದಿ ಬೇಕಾಯಿತು. ಬೀದಿಯ ದೀಪ ಹಾಗಲ್ಲ. ಒಬ್ಬನು ಅದರ ಬೆಳಕಿನಲ್ಲಿ ನಡೆದರೆ ಇನ್ನೊಬ್ಬನಿಗೆ ಬೆಳಕು ಕಡಿಮೆಯಾಗದು. ಕಾಸು ಕೊಡದವನನ್ನು ಕತ್ತಲೆಯಲ್ಲಿ ನಿಲ್ಲಿಸಲೂ ಬಾರದು. ಇಂಥವು ಸಾರ್ವಜನಿಕ ಸರಕುಗಳು. ಪಾಲ್ ಸ್ಯಾಮುಯೆಲ್ಸನ್ 1954ರಲ್ಲಿ ಇವುಗಳ ಸಿದ್ಧಾಂತವನ್ನು ಗಣಿತದಿಂದ ನಿರೂಪಿಸಿದನು. ಬೆಳಕು ಎಲ್ಲರಿಗೂ ಬೇಕು, ಎಣ್ಣೆಯ ಖರ್ಚನ್ನು ಮಾತ್ರ ಪಕ್ಕದ ಮನೆಯವನು ವಹಿಸಲಿ ಎಂಬುದು ಮನುಷ್ಯಸ್ವಭಾವ. ಆದುದರಿಂದಲೇ ಪುರಸಭೆ, ಆದುದರಿಂದಲೇ ಕಂದಾಯ.

ಆದರೆ ಅಂಗಡಿಯಲ್ಲಿ ಮಾರದ ವಸ್ತುವಿಗೆ ಇಷ್ಟು ಹಣ ಹಾಕುವುದು ಯೋಗ್ಯವೇ ಎಂದು ತಿಳಿಯುವುದು ಹೇಗೆ? ಫ್ರಾನ್ಸಿನ ಎಂಜಿನಿಯರ್ ಝೂಲ್ ದ್ಯುಪ್ವಿ 1844ರಲ್ಲಿಯೇ ದಾರಿ ತೋರಿಸಿದನು. ಸೇತುವೆಯ ಪ್ರಯೋಜನವೆಂದರೆ ಅಲ್ಲಿ ವಸೂಲಾದ ಸುಂಕವಷ್ಟೇ ಅಲ್ಲ. ದಾಟುವವರು ಅದಕ್ಕಾಗಿ ಎಷ್ಟರವರೆಗೆ ತೆರಲು ಸಿದ್ಧರಿದ್ದರೋ ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು. ವೆಚ್ಚ ಮತ್ತು ಪ್ರಯೋಜನಗಳನ್ನು ತೂಗಿನೋಡುವ ಪದ್ಧತಿಗೆ ಇದೇ ತಳಹದಿ.

ಈ ತಕ್ಕಡಿಯಲ್ಲಿ ಹುಮನಾಬಾದಿನ ಮೇಲೆ ಹಾಯ್ದುಹೋಗುವ ಬೀದರ–ಕಲಬುರಗಿ ರೈಲುಮಾರ್ಗವನ್ನು ಇಟ್ಟು ನೋಡಬಹುದು. ಟಿಕೆಟ್ಟಿಲ್ಲದವನನ್ನು ರೈಲಿನಿಂದ ಇಳಿಸಬಹುದಾದ ಕಾರಣ ಅದು ಬೀದಿದೀಪದಂಥ ಸರಕಲ್ಲ ನಿಜ. ಆದರೂ ಅದರ ಪ್ರಯೋಜನ ಟಿಕೆಟ್ ಕಿಟಕಿಯಲ್ಲಿ ಮುಗಿಯುವುದಿಲ್ಲ. ಸುಮಾರು 110 ಕಿಲೋಮೀಟರಿನ ಈ ಮಾರ್ಗಕ್ಕೆ 1997–98ರಲ್ಲಿ ಮಂಜೂರಾತಿ ದೊರೆಯಿತು. ಉದ್ಘಾಟನೆಯಾದುದು 2017ರ ಅಕ್ಟೋಬರ್ 29ರಂದು. ಸುಮಾರು 370 ಕೋಟಿ ರೂಪಾಯಿ ಎಂದಿದ್ದ ಅಂದಾಜು, ಮುಗಿಯುವ ಹೊತ್ತಿಗೆ 1,500 ಕೋಟಿಯನ್ನು ಮೀರಿತು. ನಾಲ್ಕು ಪಟ್ಟಾಯಿತೆಂದು ಒಮ್ಮೆಲೆ ಉದ್ಗರಿಸುವುದು ಸರಿಯಲ್ಲ. ಇಪ್ಪತ್ತು ವರ್ಷಗಳಲ್ಲಿ ರೂಪಾಯಿಯೇ ಸವೆದಿತ್ತು. ಹಳೆಯ ರೂಪಾಯಿಯನ್ನು ಹೊಸದರೊಡನೆ ಹಾಗೆಯೇ ಹೋಲಿಸಲಾಗದು.

ದೊಡ್ಡ ನಷ್ಟವೊಂದು ಆ ಅಂಕಿಗಳ ಹೊರಗೇ ಉಳಿಯಿತು. ಅಷ್ಟು ವರ್ಷ ರೋಗಿಗಳು, ವಿದ್ಯಾರ್ಥಿಗಳು, ದಾಲು ಧಾನ್ಯಗಳ ವರ್ತಕರು ಸುತ್ತುದಾರಿಯಲ್ಲಿ ಕಳೆದ ಗಂಟೆಗಳನ್ನು ಯಾವ ಖಾತೆಯಲ್ಲಿಯೂ ಬರೆದಿಲ್ಲ. ವಿಳಂಬವೂ ಒಂದು ವೆಚ್ಚ. ಅದಕ್ಕೆ ರಸೀದಿ ಇಲ್ಲ, ಅಷ್ಟೆ. ಬಸವಕಲ್ಯಾಣದಲ್ಲಿ ನಿಲ್ದಾಣವಿಲ್ಲ, ಹುಮನಾಬಾದಿಗೆ ಬಂದು ಗಾಡಿ ಹತ್ತುವ ಅಲ್ಲಿಯವನಿಗೆ ಆ ನಡುವಿನ ರಸ್ತೆಯೂ ಈ ಲೆಕ್ಕದ ಒಂದು ಭಾಗವೇ.

ಇನ್ನೊಂದು ಮಾತು. ಒಟ್ಟು ಪ್ರಯೋಜನವು ಒಟ್ಟು ವೆಚ್ಚವನ್ನು ಮೀರಿದರೆ ಯೋಜನೆ ಯೋಗ್ಯವೆಂದು ಶಾಸ್ತ್ರ ಹೇಳೀತು. ಆದರೆ ಹಳಿಗಾಗಿ ಹೊಲ ಬಿಟ್ಟುಕೊಟ್ಟ ರೈತನ ಪಾಲಿಗೆ ‘ಒಟ್ಟು’ ಎಂಬುದು ಊಟಕ್ಕಾಗುವ ವಸ್ತುವಲ್ಲ. ಗೆದ್ದವರು ಸೋತವನಿಗೆ ಪರಿಹಾರ ಕೊಡಬಲ್ಲರು ಎಂಬುದು ಕಾಗದದ ಮಾತು. ಅದು ಅವನ ಕೈ ಸೇರಿದಾಗಲೇ ಲೆಕ್ಕ ತೀರುವುದು. ಬಾವಿಯ ಬೆಲೆಯನ್ನು ಕೇಳದೆ ನಾಲ್ವರಿಗೂ ನೀರಿನ ಸರದಿಯನ್ನು ಗೊತ್ತುಮಾಡಿದ ವಿಜ್ಞಾನೇಶ್ವರನ ವಿವೇಕ ಇಂದಿನ ಯೋಜನೆಗಳಿಗೂ ಸಲ್ಲುತ್ತದೆ.