ನರಳಾಟ ತಗ್ಗಿಸುವ ನಿದ್ದೆ ಅಪರಾಧವಲ್ಲ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದಲ್ಲಿ ಕೈಮುಗಿದು ನಿಲ್ಲುವವರ ನಡುವೆ ಆಸ್ಪತ್ರೆಯಿಂದ ನೇರವಾಗಿ ಬಂದವರೂ ಇರುತ್ತಾರೆ. ಗುಣವಾಗುವ ಆಸೆ ಮುಗಿದಾಗ ಅವರು ಬೇಡುವುದು ಆಯುಷ್ಯವನ್ನಲ್ಲ. ‘ಶರಣಬಸಪ್ಪಾ, ಇನ್ನು ನರಳಿಸಬೇಡ’ ಎಂದಷ್ಟೇ.

ಈ ಮೊರೆಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಔಷಧದಿಂದ ಮಂಪರು ಬರಿಸುವ ಕ್ರಮವನ್ನು ಸೆಡೇಶನ್ ಎನ್ನುತ್ತಾರೆ. ಎಂಡೋಸ್ಕೋಪಿಗೆ, ವೆಂಟಿಲೇಟರ್ ಮೇಲಿರುವ ರೋಗಿಗೆ ಇದನ್ನು ನೀಡಿದರೆ ಯಾರೂ ಆಕ್ಷೇಪಿಸುವುದಿಲ್ಲ. ಸಾವಿನಂಚಿನ ರೋಗಿಗೆ ನೀಡಿದಾಗ ಮಾತ್ರ ‘ಸೂಜಿ ಕೊಟ್ಟು ಮುಗಿಸಿದರು’ ಎಂಬ ಗುಮಾನಿ ಹುಟ್ಟುತ್ತದೆ.

ಈ ಗುಮಾನಿ ನಿರಾಧಾರ. ನೋವಿಗೆ ಮಾರ್ಫಿನ್ ಇದೆ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ತಂದು ಅದರ ವೈದ್ಯಕೀಯ ಬಳಕೆಯ ನಿಯಮಗಳನ್ನು ಸರಳಗೊಳಿಸಲಾಯಿತು. ಬೇರೆ ಯಾವ ಚಿಕಿತ್ಸೆಗೂ ಬಗ್ಗದ ಉಸಿರಾಟದ ಸಂಕಟ, ತಳಮಳಗಳಿಗೆ ಮಾತ್ರ ಮಿಡಜೋಲಮ್‌ನಂಥ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಿ, ಸಂಕಟ ತಗ್ಗುವಷ್ಟಕ್ಕೇ ಏರಿಸಲಾಗುತ್ತದೆ. ಕ್ರಮಬದ್ಧವಾಗಿ ನೀಡಿದ ಸೆಡೇಶನ್ ಆಯುಷ್ಯವನ್ನು ಮೊಟಕುಗೊಳಿಸುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಪುರಾವೆ ದೊರೆತಿಲ್ಲ. ದಯಾಮರಣದ ಉದ್ದೇಶ ಸಾವು. ಇದರ ಉದ್ದೇಶ ಉಪಶಮನ.

ಘನತೆಯಿಂದ ಸಾಯುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಆ ತೀರ್ಪಿನ ಅನುಷ್ಠಾನಕ್ಕೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಆದರೆ ಅದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವ ಕುರಿತದ್ದು. ಚಿಕಿತ್ಸೆ ನಿಲ್ಲಿಸಿದ ಮೇಲೂ ಆರೈಕೆ ನಿಲ್ಲಬಾರದಲ್ಲವೇ?

ಒಂದು ಎಚ್ಚರಿಕೆಯೂ ಅಗತ್ಯ. ಸಿಬ್ಬಂದಿಯ ಕೊರತೆಯಿಂದಲೋ ಬಂಧುಗಳ ಒತ್ತಡದಿಂದಲೋ ರೋಗಿಯನ್ನು ಸುಮ್ಮನಿರಿಸಲು ಮಂಪರು ಬರಿಸುವುದು ಸಲ್ಲದು. ಮಂಪರು ಗಾಢವಾದರೆ ರೋಗಿ ಮತ್ತೆ ಮಾತನಾಡದೇ ಹೋಗಬಹುದು. ಪುಣೆಯಿಂದ ಮಗ ಬರುವವರೆಗೆ ಎಚ್ಚರವಿರಬೇಕೆಂದು ಆತ ಬಯಸಿರಬಹುದು. ಹೇಳಬೇಕಾದ ಮಾತೊಂದು ಉಳಿದಿರಬಹುದು. ಆದ್ದರಿಂದ ಅರಿವು ಸ್ಪಷ್ಟವಾಗಿರುವಾಗಲೇ ರೋಗಿಯನ್ನು ಕೇಳಬೇಕು, ಮನೆಯವರಿಗೆ ತಿಳಿಸಬೇಕು. ನಮ್ಮ ಮನೆಗಳಲ್ಲಿ ರೋಗದ ಹೆಸರನ್ನೇ ರೋಗಿಯಿಂದ ಮುಚ್ಚಿಡುವ ರೂಢಿಯಿರುವಾಗ ಈ ಮಾತುಕತೆ ನಡೆಯುವುದಾದರೂ ಹೇಗೆ?

1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು. ಹಸಿದವನ ಅರ್ಹತೆಯನ್ನು ಪ್ರಶ್ನಿಸದೆ ಉಣಬಡಿಸುವುದು ಆ ಪರಂಪರೆ. ಕೊನೆಯ ದಿನಗಳ ಉಪಶಮನವೂ ಹಾಗೆಯೇ ದೊರೆಯಬೇಕು. ಕಲ್ಯಾಣ ಕರ್ನಾಟಕದ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಈ ಆರೈಕೆಯಲ್ಲಿ ತರಬೇತಾದ ವೈದ್ಯರು, ದಾದಿಯರು ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ನರಳುವವರನ್ನು ಬೆಂಗಳೂರಿನವರೆಗೆ ಸಾಗಿಸುವುದು ಪರಿಹಾರವಲ್ಲ.