ಸ್ಕ್ರೂ ಹೋಯಿತು, ಊಹೆ ಉಳಿಯಿತು

ಮಾರುತಿ 800ರ ಕಾರ್ಬುರೇಟರಿಗೊಂದು ಪುಟ್ಟ ಸ್ಕ್ರೂ ಇತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಆ ಕಾರು ಸ್ಟಾರ್ಟ್ ಆದಮೇಲೆ ಗಡಗಡ ನಡುಗಿದರೆ ಮೆಕ್ಯಾನಿಕ್ ಬಾನೆಟ್ ಎತ್ತಿ, ಸದ್ದಿಗೆ ಕಿವಿಗೊಟ್ಟು, ಸ್ಕ್ರೂವನ್ನು ಕಾಲು ಸುತ್ತು ಅತ್ತ, ಅರೆ ಸುತ್ತು ಇತ್ತ ತಿರುಗಿಸುತ್ತಿದ್ದ. ಐದು ನಿಮಿಷದ ಕೆಲಸ. ದುಡ್ಡು ಕೇಳಲು ಅವನಿಗೇ ಸಂಕೋಚ. ಒಂದು ಟೀ ಕುಡಿಸಿದರೆ ಲೆಕ್ಕ ಚುಕ್ತಾ.

2000ದ ಆಸುಪಾಸಿನಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು, ಸ್ಕ್ರೂ ಹೋಯಿತು. ಆದರೆ 'ಬರೀ ನೋಡಿದ್ದಕ್ಕೆ ದುಡ್ಡೇಕೆ?' ಎಂಬ ಗಿರಾಕಿಯ ಲೆಕ್ಕಾಚಾರ ಹೋಗಲಿಲ್ಲ. ಹೊಸ ಪ್ಲಗ್ಗು, ಕಾಯಿಲ್ಲು, ಸೆನ್ಸಾರು ಎಂದರೆ ಆತ ಕೇಳಿದಷ್ಟು ಎಣಿಸಿ ಕೊಡುತ್ತಾನೆ. ದೋಷ ಎಲ್ಲಿದೆಯೆಂದು ಒಂದು ಗಂಟೆ ಹುಡುಕಿದ್ದಕ್ಕೆ ಐನೂರು ರೂಪಾಯಿ ಕೇಳಿದರೆ ಹುಬ್ಬೇರಿಸುತ್ತಾನೆ. ಹೀಗಿರುವಾಗ ಗ್ಯಾರೇಜು ಬಿಡಿಭಾಗ ಮಾರಿಯೇ ಬದುಕಬೇಕು. 'ಮೊದಲು ಪ್ಲಗ್ ಹಾಕೋಣ, ಆಗಲಿಲ್ಲ ಅಂದ್ರೆ ಕಾಯಿಲ್ ನೋಡೋಣ' ಎನ್ನುವ ಸರಣಿ ಅಲ್ಲಿಂದಲೇ ಶುರು. ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಗ್ಯಾರೇಜಿನ ಹುಡುಗ ಮೂರು ಸಲ ಓಡಿದರೂ ನಡುಕ ಹಾಗೇ ಇರುತ್ತದೆ. ಇದರಲ್ಲಿ ಮೆಕ್ಯಾನಿಕ್‌ನ ಆಸೆಗಿಂತ ಗಿರಾಕಿಯ ಜಿಪುಣತನದ ಪಾಲೇ ದೊಡ್ಡದು.

ನಡುಕವೆಲ್ಲ ರೋಗವೂ ಅಲ್ಲ. ಈಗಿನ ಸಣ್ಣ ಕಾರುಗಳಲ್ಲಿ ಎಷ್ಟೋ ಮೂರು ಸಿಲಿಂಡರಿನವು. ಸ್ವಲ್ಪ ಅದುರುವುದು ಅವುಗಳ ಹುಟ್ಟುಗುಣ. ತಣ್ಣಗಿದ್ದ ಎಂಜಿನ್ ಮೊದಲು 1,200 ಆರ್‌ಪಿಎಂ ದಾಟಿ ಓಡಿ, ಬಿಸಿಯಾದಂತೆ 800ರ ಹತ್ತಿರಕ್ಕೆ ಇಳಿಯುವುದೂ ಸಹಜವೇ. ಆ 800ರಲ್ಲಿ ಮೂರು ಸಿಲಿಂಡರುಗಳೂ ಸೇರಿ ಸೆಕೆಂಡಿಗೆ 20 ಸಲ ಕಿಡಿ ಹೊತ್ತಿ ಉರಿಯುತ್ತವೆ. ಒಂದು ಕೈಕೊಟ್ಟರೆ ಮೂರರಲ್ಲೊಂದು ಪಾಲು ಬಲವೇ ಹೋಯಿತು. ಗ್ಯಾರೇಜಿನವರು 'ಮಿಸ್ಸಿಂಗ್' ಎನ್ನುವುದು ಇದಕ್ಕೇ. ಆಗ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಓಡಿಸಬಾರದು: ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟು ಹಾಕಬಹುದು.

ಹುಡುಕುವ ಕೆಲಸಕ್ಕೆ ಬೇಕಾದ ಸಾಮಾನು ದುಬಾರಿಯೇನಲ್ಲ. ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಕಾರೇ ಬಾಯಿಬಿಡುತ್ತದೆ. ಪಿ0301 ಎಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್. ಹಾಗಂತ ತಕ್ಷಣ ಕಾಯಿಲ್ ಕೊಳ್ಳಬೇಕಿಲ್ಲ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಿನಲ್ಲಿ ಒಂದನೆಯದನ್ನು ಎರಡನೆಯದಕ್ಕೆ ಅದಲು ಬದಲು ಮಾಡಿ ಮತ್ತೆ ಸ್ಟಾರ್ಟ್ ಮಾಡಿದರಾಯಿತು. ಕೋಡು ಪಿ0302 ಆದರೆ ಕಾಯಿಲ್ಲೇ ಕಳ್ಳ. ಅಲ್ಲೇ ನಿಂತರೆ ಪ್ಲಗ್ಗು, ಇಂಜೆಕ್ಟರಿನ ಕಡೆ ತಿರುಗಬೇಕು. ಖರ್ಚು ಸೊನ್ನೆ. ಆದರೆ ಎಷ್ಟೋ ಕಡೆ ಮೊದಲು ಮಾಡುವ ಕೆಲಸವೇ ಬ್ಯಾಟರಿಯ ಟರ್ಮಿನಲ್ ಬಿಚ್ಚುವುದು. ಕೋಡಿನ ಜೊತೆಗೆ ಇದ್ದ ಸಾಕ್ಷ್ಯವೂ ಅಳಿಸಿಹೋಗುತ್ತದೆ.

ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ನಡುಗುವ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಕೂಲೆಂಟಿನ ಉಷ್ಣಾಂಶ. ರಾತ್ರಿಯಿಡೀ ನಿಂತ ಎಂಜಿನ್ ಹೊರಗಿನ ಗಾಳಿಯಷ್ಟೇ ತಣ್ಣಗಿರುತ್ತದೆ. ಚಿಕ್ಕಮಗಳೂರಿನ 18 ಡಿಗ್ರಿಯ ಬೆಳಗಿನಲ್ಲಿ ಸೆನ್ಸಾರ್ 80 ಎಂದು ಸುಳ್ಳು ಹೇಳಿದರೆ, ಎಂಜಿನ್ ಬಿಸಿಯಾಗಿಯೇ ಇದೆ ಎಂದು ನಂಬಿ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಪೆಟ್ರೋಲು ಕಡಿಮೆ ಬಿಡುತ್ತದೆ. ಸೆನ್ಸಾರಿನ ವೈರು ಕಡಿದಿದ್ದರೆ ಸ್ಕ್ಯಾನರಿನಲ್ಲಿ ಮೈನಸ್ 40 ಎಂದು ಕಾಣುವುದೂ ಉಂಟು. ಕರ್ನಾಟಕದಲ್ಲಿ ಅಷ್ಟು ಚಳಿ ಯಾರೂ ಕಂಡಿಲ್ಲ. ಹೊಗೆಕೊಳವೆಯ ಆಕ್ಸಿಜನ್ ಸೆನ್ಸಾರು ಸುಮಾರು 300 ಡಿಗ್ರಿ ಕಾಯದೆ ಕೆಲಸಕ್ಕೆ ಇಳಿಯುವುದಿಲ್ಲ, ಆದ್ದರಿಂದ ಮೊದಲ ನಿಮಿಷಗಳಲ್ಲಿ ತಪ್ಪು ತಿದ್ದುವವರೂ ಯಾರೂ ಇಲ್ಲ.

'ಗಾಡಿ ಗಾಳಿ ಎಳೀತಿದೆ' ಎನ್ನುವುದು ಇನ್ನೊಂದು ಬಗೆ. ಇನ್‌ಟೇಕಿನ ರಬ್ಬರ್ ಪೈಪು ಬಿರುಕುಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಐಡಲಿಂಗಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಅಲ್ಲಿ ಈ ಸೋರಿಕೆಯದು ದೊಡ್ಡ ಪಾಲು. ಆಕ್ಸಿಲರೇಟರ್ ಒತ್ತಿದರೆ ಅದು ನಗಣ್ಯ. ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂದು ಸ್ಕ್ಯಾನರಿನಲ್ಲಿ ತೋರಿಸುವ ಫ್ಯುಯೆಲ್ ಟ್ರಿಮ್ ಎಂಬ ಅಂಕಿ ಐಡಲಿಂಗಿನಲ್ಲಿ ಏರಿ, 2,500 ಆರ್‌ಪಿಎಂನಲ್ಲಿ ಸೊನ್ನೆಯ ಕಡೆಗೆ ಇಳಿದರೆ ಪೈಪುಗಳನ್ನೇ ಹುಡುಕಬೇಕು. ಥ್ರೋಟಲ್ ಬಾಡಿಗೆ ಕಟ್ಟಿದ ಕರಿ ತೊಳೆದರೂ ಎಷ್ಟೋ ಕಾರುಗಳು ಸರಿಹೋಗುತ್ತವೆ. ಆದರೆ ತೊಳೆದಮೇಲೆ ಕೆಲವು ಮಾದರಿಗಳಿಗೆ ಐಡಲಿಂಗ್ ಅನ್ನು ಸ್ಕ್ಯಾನರಿನಿಂದ ಮತ್ತೆ ಕಲಿಸಬೇಕು. ಅದನ್ನು ಮರೆತರೆ ಕಾರು ಮೊದಲಿಗಿಂತ ಜಾಸ್ತಿ ನಡುಗುತ್ತದೆ.

ಈಗ ಎಲ್ಲ ನಡುಕಕ್ಕೂ ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು ಬೈಯುವ ಕಾಲ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ವೇದಿಕೆಯಿಂದಲೇ ಪ್ರಧಾನಿ ಅದಕ್ಕೆ ಚಾಲನೆ ಕೊಟ್ಟರು. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರಿಗೆ ಒಗ್ಗದಿರಬಹುದು, ಅಷ್ಟೇ ಗಾಳಿಗೆ ಇಂಧನ ತುಸು ಹೆಚ್ಚು ಬೇಡುತ್ತದೆ. ಹೀಗಾಗಿ ಅನುಮಾನ ಆಧಾರವಿಲ್ಲದ್ದಲ್ಲ. ಆದರೆ ಟ್ರಿಮ್ ನೋಡದೆ, ಟ್ಯಾಂಕಿನಲ್ಲಿ ನೀರಿದೆಯೇ ಎಂದು ಪರೀಕ್ಷಿಸದೆ ಬಂಕಿನವನ ಮೇಲೆ ಹರಿಹಾಯುವುದೂ ಜೆ.ಸಿ. ರಸ್ತೆಗೆ ಹುಡುಗನನ್ನು ಓಡಿಸುವುದೂ ಒಂದೇ ಜಾತಿಯ ಊಹೆ.

ಕೊನೆಗೆ ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಹುಡುಕಿ ಬರುವ ಅದು ಇಂಜೆಕ್ಟರಿನ ವೈರು ಕಡಿದು ಹೋದರೂ ಕಾರು ಥೇಟ್ ಕಾಯಿಲ್ ಕೆಟ್ಟಂತೆಯೇ ನಡುಗುತ್ತದೆ. ನಾಲ್ಕು ವರ್ಷ ಕೆಲಸ ಕಲಿತ ಮೆಕ್ಯಾನಿಕ್ ಟಾರ್ಚ್ ಹಿಡಿದು ಬಗ್ಗಿ, ಒಂದೊಂದೇ ವೈರು ಸವರುತ್ತ ಮುಕ್ಕಾಲು ಗಂಟೆಯಲ್ಲಿ ಅದನ್ನು ಹಿಡಿಯುತ್ತಾನೆ. ಎರಡು ಅಂಗುಲ ವೈರು, ಚೂರು ಬೆಸುಗೆ, ಒಂದು ಹೊದಿಕೆ. ಎಂಜಿನ್ ತಣ್ಣಗೆ ಓಡತೊಡಗುತ್ತದೆ. ಆಮೇಲೆ ಆತ ಬಿಲ್ ಪುಸ್ತಕ ಹಿಡಿದು ನಿಲ್ಲುತ್ತಾನೆ; ಅದರಲ್ಲಿ ಬರೆಯಲು ಹೊಸ ಭಾಗ ಒಂದೂ ಇಲ್ಲ.