ತೊಟ್ಟಿಯ ನೀರು ಯಾರ ಮನೆಗೆ?

"ನೀರು ತಾನೇ ಭಾಯ್, ಮೋರಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?"

ಆರ್.ಟಿ. ನಗರದ ನಮ್ಮ ಗಲ್ಲಿಯಲ್ಲಿ, ತಾರಸಿಯ ಮೇಲೆ ಗಪ್ಪಿ, ಮೋಲಿ ಮರಿ ಮಾಡಿಸಿ ಮಾರುವ ಹುಡುಗನ ಪ್ರಶ್ನೆಯಿದು. ಅವನ ತೊಟ್ಟಿಯ ನೀರು ಪಕ್ಕದ ಮನೆಯ ಖಾಲಾ ಹೊಸ್ತಿಲೆದುರು ನಿಂತು ಜಗಳವಾಗಿತ್ತು. ನೀರು ತಮ್ಮ ಹೊಸ್ತಿಲು ದಾಟಿದರೆ ಖಾಲಾಗೆ ಸಾಕು. ಮೋರಿ ಸೇರಿದರೆ ಹುಡುಗನಿಗೆ ಸಾಕು. ಆಮೇಲೆ ಅದು ಯಾರ ನೀರೂ ಅಲ್ಲ!

ಆದರೆ ತಾರಸಿಯ ಪೈಪು ಮಳೆನೀರಿಗೆಂದು ಇಟ್ಟದ್ದು. ಅದರಲ್ಲಿ ಇಳಿದದ್ದು ಒಳಚರಂಡಿ ಸೇರುವುದಿಲ್ಲ, ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಹೆಬ್ಬಾಳ-ನಾಗವಾರ ಕಣಿವೆಯ ನೀರು ಎಲೆಮಲ್ಲಪ್ಪ ಶೆಟ್ಟಿ ಕೆರೆಯತ್ತ ಸಾಗಿ ದಕ್ಷಿಣ ಪಿನಾಕಿನಿಗೆ ಕೂಡುತ್ತದೆ. ನೀರಿನ ಜೊತೆ ಜಾರಿದ ಮರಿಗಳೂ ಅದೇ ದಾರಿ ಹಿಡಿಯುತ್ತವೆ. ತೊಟ್ಟಿಯ ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ಇಂದು ಬೆಂಗಳೂರಿನ ಕೆರೆಗಳಲ್ಲಿ ಬಲೆ ಹರಿಯುತ್ತಿದೆ. ಅದೇನು ತಾನಾಗಿ ಹಾರಿ ಬಂತೇ?

"ಅಪಾರ್ಟ್‌ಮೆಂಟುಗಳ ಕಕ್ಕಸೇ ಕೆರೆಗೆ ಬರುವಾಗ ನನ್ನ ಹತ್ತು ತೊಟ್ಟಿ ಯಾವ ಲೆಕ್ಕ?" ಎಂದ ಹುಡುಗ. ಮಾತಿನಲ್ಲಿ ನ್ಯಾಯವಿದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿ ಸತ್ತು ತೇಲಿದ್ದು ಗಪ್ಪಿ ಸಾಕುವವರಿಂದಲ್ಲ. ಆದರೂ ದೊಡ್ಡವರ ಪಾಪ ಚಿಕ್ಕವರಿಗೆ ಪರವಾನಗಿಯಾಗುವುದು ನನಗೆ ಒಪ್ಪಿಗೆಯಿಲ್ಲ.

ಅಷ್ಟಕ್ಕೂ ಅವನು ಚೆಲ್ಲುತ್ತಿರುವುದು ಕೊಳಚೆಯಲ್ಲ, ಗೊಬ್ಬರ. ಮೀನು ಕಿವಿರಿನಿಂದ ಬಿಡುವ ಅಮೋನಿಯಾವನ್ನು ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೀನಿಗೆ ಬೇಡವಾದದ್ದು ಗಿಡಕ್ಕೆ ಊಟ. ನೂರು ಲೀಟರಿನ ಹತ್ತು ತೊಟ್ಟಿಗಳಲ್ಲಿ ವಾರಕ್ಕೆ ಕಾಲುಭಾಗ ಬದಲಿಸಿದರೂ 250 ಲೀಟರ್. ಕಾವೇರಿಯಿಂದ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಪಂಪ್ ಮಾಡಿ ತಂದ ನೀರದು. 2024ರ ಬರದಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಅದೇ ಊರಿನಲ್ಲಿ ಗಿಡಕ್ಕೆ ಹೇಳಿ ಮಾಡಿಸಿದ ನೀರು ಮೋರಿ ಪಾಲು!

ಎಲ್ಲ ನೀರೂ ಗಿಡಕ್ಕಾಗದು. ಮರಿಗಳ ಆಹಾರಕ್ಕೆ ಆರ್ಟೀಮಿಯಾ ಮೊಟ್ಟೆ ಒಡೆಸಿದ ಉಪ್ಪುನೀರು ಬೇರು ಸುಡುತ್ತದೆ. ಒಳಚರಂಡಿಗೆ ಬಿಟ್ಟರೂ ಉಪ್ಪು ಹೋಗುವುದಿಲ್ಲ, ಶುದ್ಧೀಕರಣ ಘಟಕ ಅದನ್ನು ತೆಗೆಯದು. ಹೆಬ್ಬಾಳ-ನಾಗವಾರದಲ್ಲಿ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರದ ಕೆರೆಗಳನ್ನು ತುಂಬುತ್ತಿದೆ. ನಮ್ಮ ಗಲ್ಲಿಯ ಉಪ್ಪು ಅಲ್ಲಿಯ ರೈತನ ಲೆಕ್ಕಕ್ಕೆ. ಎರಡು ಲೀಟರ್ ಉಪ್ಪುನೀರನ್ನು ಅಗಲ ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ಆರಿಹೋಗುತ್ತದೆ. ಇನ್ನು ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್: ಕಾಯಿಲೆ ಮೀನನ್ನು ಚಿಕ್ಕ ಟಬ್ಬಿಗೆ ಎತ್ತಿ ಅಲ್ಲೇ ಔಷಧಿ ಹಾಕಿದರೆ ಬಕೆಟಿನಲ್ಲಿ ಮುಗಿಯುತ್ತದೆ, ತೊಟ್ಟಿಯೆಲ್ಲ ವಿಷವಾಗದು.

ಇದನ್ನು ಹುಡುಗನಿಗೆ ಕಥೆ ಬರೆಯುವ ನಾನು ಹೇಳಬೇಕೇ? ಹೆಸರಘಟ್ಟದಲ್ಲಿ ಸಿಹಿನೀರು ಮೀನು ಸಂಶೋಧನಾ ಕೇಂದ್ರವಿದೆ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆಗೂ ಸಹಾಯಧನವಿದೆ. ಹಣ ಕೊಡುವ ಮೊದಲು "ನಿನ್ನ ಪೈಪು ಎಲ್ಲಿ ಇಳಿಯುತ್ತದೆ, ತೋರಿಸು" ಎಂದು ಕೇಳಲಿ. ನಲ್ಲಿಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಇದೆಯೇ ನೋಡಲಿ.

ಹುಡುಗ ಈಗ ಒಂದು ಡ್ರಮ್ ಇಟ್ಟಿದ್ದಾನೆ. ಖಾಲಾ ಅದರಿಂದಲೇ ಪುದೀನಕ್ಕೆ ನೀರು ಹಾಕುತ್ತಾರೆ. ಉಪ್ಪುನೀರಿನ ಬಕೆಟ್ ಮಾತ್ರ ಇನ್ನೂ ಕತ್ತಲಾದ ಮೇಲೆ ಮೋರಿಗೇ ಬೀಳುತ್ತಿದೆ, ನನಗೆ ಸದ್ದು ಕೇಳಿಸುತ್ತದೆ.